ಟ್ಯಾಕ್, ಟೆಸ್ಟ್, ಡೆವಲಪ್‌ಮೆಂಟ್: ನೆಟ್‌ವರ್ಕಿಂಗ್ ಕಂಪನಿಯಲ್ಲಿ ಯಾವ ಕೆಲಸ ಒಪ್ಪಿಕೊಳ್ಳಬೇಕು?

"ಸರ್, ದೊಡ್ಡ ಕಂಪನಿಯಲ್ಲಿ ಟ್ಯಾಕ್ ಆಫರ್ ಬಂದಿದೆ. ಸಣ್ಣ ಕಂಪನಿಯಲ್ಲಿ ಡೆವಲಪರ್ ಆಫರ್ ಬಂದಿದೆ. ಸಂಬಳ ಹೆಚ್ಚುಕಮ್ಮಿ ಒಂದೇ. ಯಾವುದಕ್ಕೆ ಹೋಗಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. (ಟ್ಯಾಕ್ ಅಂದರೆ ಕಸ್ಟಮರ್‌ಗಳ ನೆಟ್‌ವರ್ಕ್ ತೊಂದರೆ ಬಗೆಹರಿಸುವ ವಿಭಾಗ.) ಇನ್ನು ಕೆಲವರು ಟೆಸ್ಟಿಂಗ್‌ನಲ್ಲಿ ನಾಲ್ಕೈದು ವರ್ಷ ಕಳೆದಿರುತ್ತಾರೆ, ಈಗ ಕೋಡ್ ಬರೆಯುವ ಟೀಮಿಗೆ ಹೋಗಬೇಕು ಅಂತ ಒದ್ದಾಡುತ್ತಿರುತ್ತಾರೆ. ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಆಯ್ಕೆಗೆ ಬರ ಇಲ್ಲ. ಕಾಡುಬೀಸನಹಳ್ಳಿಯ ಸೆಸ್ನಾ ಪಾರ್ಕ್‌ನಲ್ಲಿ ಸಿಸ್ಕೋ, ಅದೇ ಔಟರ್ ರಿಂಗ್ ರೋಡಿನಲ್ಲಿ ಜೂನಿಪರ್, ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ನೋಕಿಯಾ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ತೇಜಸ್ ನೆಟ್‌ವರ್ಕ್ಸ್. ಅರಿಸ್ಟಾ, ಅರೂಬಾ, ಬ್ರಾಡ್‌ಕಾಮ್ ಎಲ್ಲವೂ ಈ ಊರಲ್ಲೇ ಇವೆ. ಹೆಚ್ಚಿನವರು ಬೋರ್ಡಿನ ಮೇಲಿರುವ ಹೆಸರು ನೋಡಿ ತೀರ್ಮಾನ ಮಾಡುತ್ತಾರೆ. ಮನೆಯಲ್ಲಿ ಹೇಳಿಕೊಳ್ಳಲು ಅದು ಚೆನ್ನಾಗಿರುತ್ತದೆ, ಅಲ್ವಾ? ಆದರೆ ನಾನು ಹೇಳುವುದು ಇಷ್ಟೇ: ಮೊದಲು ಕೆಲಸ ನೋಡಿ, ಆಮೇಲೆ ಟೀಮು, ಕೊನೆಗೆ ಕಂಪನಿ. ಐಡಿ ಕಾರ್ಡು ಒಂದೇ, ಕ್ಯಾಂಟೀನೂ ಒಂದೇ. ಆದರೂ ಟ್ಯಾಕ್‌ನವರ ದಿನ ಬೇರೆ, ಟೆಸ್ಟ್‌ನವರ ದಿನ ಬೇರೆ, ಡೆವಲಪರ್‌ಗಳ ದಿನ ಬೇರೆ. ಮೂರು ವರ್ಷ ಕಳೆದ ಮೇಲೆ ಇವರ ಮುಂದೆ ತೆರೆಯುವ ಬಾಗಿಲುಗಳೂ ಬೇರೆ ಬೇರೆ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಐದು ವಿಷಯ ಸಾಕು. ಒಂದು, ಮೂರು ವರ್ಷದಲ್ಲಿ ಏನು ಕಲಿಯುತ್ತೀರಿ, ಅದು ಈ ಕಂಪನಿಯ ಹೊರಗೂ ಬೆಲೆ ಬಾಳುತ್ತದೆಯಾ. ಎರಡು, ಗಂಟೆಗಳು: ಶಿಫ್ಟು ಇದೆಯಾ, ರಾತ್ರಿ ಫೋನು ಬರುತ್ತದೆಯಾ. ಮೂರು, ಇಲ್ಲಿಂದ ಇನ್ನೊಂದು ಕೆಲಸಕ್ಕೆ ಹೊರಳುವುದು ಎಷ್ಟು ಸುಲಭ. ನಾಲ್ಕು, ಕೈಗೆ ಬರುವ ದುಡ್ಡು ಎಷ್ಟು, ಷೇರಿನ ರೂಪದಲ್ಲಿ ಇರುವುದು ಎಷ್ಟು. ಐದು, ಇಂಟರ್‌ವ್ಯೂಗೆ ತಯಾರಾಗಲು ನಿಮ್ಮ ಬಳಿ ಎಷ್ಟು ಸಮಯ ಮತ್ತು ಎಷ್ಟು ಕಾಸು ಇದೆ.

ಈ ಐದರಲ್ಲಿ ನನ್ನ ಲೆಕ್ಕಕ್ಕೆ ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೊದಲ ಕೆಲಸ ಇಷ್ಟವಾಗದೇ ಹೋಗಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿಂದ ಹೊರಬರಲು ದಾರಿ ಇಲ್ಲದಿದ್ದರೆ ಕಷ್ಟ.

ಒಂದೇ ತೊಂದರೆ, ಮೂರು ಇಂಟರ್‌ವ್ಯೂ

ಕೆಲಸಗಳ ನಡುವಿನ ವ್ಯತ್ಯಾಸ ಜಾಬ್ ಡಿಸ್ಕ್ರಿಪ್ಷನ್ ಓದಿದರೆ ಗೊತ್ತಾಗಲ್ಲ. ಮೂರರಲ್ಲೂ "ನೆಟ್‌ವರ್ಕಿಂಗ್ ಚೆನ್ನಾಗಿ ಗೊತ್ತಿರಬೇಕು, ಪೈಥಾನ್ ಬಂದರೆ ಒಳ್ಳೆಯದು" ಅಂತಲೇ ಬರೆದಿರುತ್ತದೆ. ಅದಕ್ಕೇ ಒಂದೇ ಪ್ರಶ್ನೆ ಹಿಡಿದು ಮೂರೂ ಕಡೆ ಹೋಗಿ ನೋಡೋಣ.

ಕಸ್ಟಮರ್ ಒಬ್ಬರು ಎರಡು ಆಫೀಸುಗಳ ನಡುವೆ ಜಿಆರ್‌ಇ ಟನಲ್ ಹಾಕಿದ್ದಾರೆ, ಅಂದರೆ ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಇಟ್ಟು ಸಾಗಿಸುವ ದಾರಿ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಆದರೆ ಬ್ರೌಸರ್‌ನಲ್ಲಿ ಪೇಜು ತೆರೆಯುವುದಿಲ್ಲ, ಸುಮ್ನೆ ಸುತ್ತುತ್ತಾ ಇರುತ್ತದೆ. ಯಾಕೆ?

ಈಥರ್ನೆಟ್ ಮೇಲೆ ಒಂದು ಐಪಿ ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ವರೆಗೆ ಇರಬಹುದು, ಈ ಮಿತಿಗೆ ಎಂಟಿಯು ಅನ್ನುತ್ತಾರೆ. ಜಿಆರ್‌ಇ ತನ್ನದು 4 ಬೈಟು, ಹೊರಗಿನ ಐಪಿ ಹೆಡರ್ 20 ಬೈಟು ಸೇರಿಸುತ್ತದೆ. ಒಳಗಿನ ಪ್ಯಾಕೆಟ್‌ಗೆ ಉಳಿಯುವುದು 1476. ಪಿಂಗ್ ಚಿಕ್ಕದು, ದಾಟಿಬಿಡುತ್ತದೆ. ವೆಬ್ ಸರ್ವರ್ ಕಳಿಸುವ 1500 ಬೈಟಿನ ಪ್ಯಾಕೆಟ್ ದಾಟುವುದಿಲ್ಲ. ಅದನ್ನು ತುಂಡು ಮಾಡಿ ಕಳಿಸೋಣ ಅಂದರೆ, ತುಂಡು ಮಾಡಬೇಡ ಅನ್ನುವ ಡಿಎಫ್ ಬಿಟ್ ಹಾಕಿರುತ್ತದೆ. ರೂಟರ್ ಆ ಪ್ಯಾಕೆಟ್ ಬಿಸಾಕಿ, "ಚಿಕ್ಕದು ಕಳಿಸು" ಅಂತ ಸರ್ವರ್‌ಗೆ ಐಸಿಎಂಪಿ ಸಂದೇಶ ಕಳಿಸುತ್ತದೆ. ನಡುವೆ ಯಾವುದೋ ಫೈರ್‌ವಾಲ್ ಇಂಥ ಐಸಿಎಂಪಿ ಸಂದೇಶಗಳನ್ನು ತಡೆದಿದ್ದರೆ ಆ ಸಂದೇಶ ಮುಟ್ಟುವುದೇ ಇಲ್ಲ. ಸರ್ವರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ.

ಟ್ಯಾಕ್ ಇಂಟರ್‌ವ್ಯೂನಲ್ಲಿ ಈ ಕಾರಣ ಹೇಳಿದರೆ ಅರ್ಧ ಮಾರ್ಕು. ಉಳಿದರ್ಧ ಇರುವುದು ಅದನ್ನು ನೀವು ಹೇಗೆ ಸಾಬೀತು ಮಾಡುತ್ತೀರಿ ಅನ್ನುವುದರಲ್ಲಿ. ಕಸ್ಟಮರ್ ಫೋನಿನಲ್ಲಿ ಇದ್ದಾರೆ, ಅವರ ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದಾರೆ. ಮೊದಲು ಡಿಎಫ್ ಬಿಟ್ ಹಾಕಿ 1472 ಬೈಟಿನ ಪಿಂಗ್ ಕಳಿಸಿ ಅನ್ನುತ್ತೀರಿ. ಹೆಡರ್ 28 ಸೇರಿ ಅದು 1500 ಆಗುತ್ತದೆ, ಬೀಳುತ್ತದೆ. ಆಮೇಲೆ 1448 ಕಳಿಸಿ ಅನ್ನುತ್ತೀರಿ. 28 ಸೇರಿ 1476, ದಾಟುತ್ತದೆ. ಎರಡೇ ಪಿಂಗ್‌ನಲ್ಲಿ ವಿಷಯ ಬಯಲಾಯಿತು. ಈಗಿನ ಮಟ್ಟಿಗೆ ಟಿಸಿಪಿ ಎಂಎಸ್ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾದ ಮಿತಿ) 1436ಕ್ಕೆ ಇಳಿಸಿ, ಆಮೇಲೆ ಫೈರ್‌ವಾಲ್ ಟೀಮಿನ ಜೊತೆ ಮಾತಾಡೋಣ. ಹೀಗೆ ಹಂತ ಹಂತವಾಗಿ ಹೇಳುವವರು ಟ್ಯಾಕ್‌ಗೆ ಬೇಕು. ಒಂದೇ ಸಲ ಹತ್ತು ಕಮಾಂಡ್ ಹೇಳಿ, ಅಷ್ಟರ ಔಟ್‌ಪುಟ್ಟೂ ಕಳಿಸಿ ಅನ್ನುವವರು ಬೇಡ.

ಟೆಸ್ಟ್ ಇಂಟರ್‌ವ್ಯೂನಲ್ಲಿ ಪ್ರಶ್ನೆ ತಿರುಗುತ್ತದೆ. "ಟನಲ್ ಎಂಟಿಯು ಅನ್ನುವ ಫೀಚರ್ ನಿಮ್ಮ ಕೈಗೆ ಬಂದಿದೆ. ಏನೇನು ಟೆಸ್ಟ್ ಮಾಡುತ್ತೀರಿ?" 1475, 1476, 1477 ಬೈಟು ಕಳಿಸುತ್ತೇನೆ ಅಂದರೆ ಶುರು ಚೆನ್ನಾಗಿದೆ. ಡಿಎಫ್ ಇದ್ದಾಗ, ಇಲ್ಲದಾಗ. ಒಳಗೆ ಐಪಿವಿ6 ಇದ್ದಾಗ. ಟ್ರಾಫಿಕ್ ಓಡುತ್ತಿರುವಾಗಲೇ ಹೊರಗಿನ ಇಂಟರ್‌ಫೇಸಿನ ಎಂಟಿಯು ಬದಲಾಯಿಸಿದರೆ? ರೀಲೋಡ್ ಆದ ಮೇಲೆ ಹಳೆಯ ಎಂಟಿಯು ಅಂಕಿ ಉಳಿಯುತ್ತದಾ? ಒಂದು ಟನಲ್ ಬದಲು ಸಾವಿರ ಟನಲ್ ಇದ್ದರೆ? ಇಷ್ಟೆಲ್ಲ ಆದ ಮೇಲೆ, "ಇದರಲ್ಲಿ ಪ್ರತಿ ರಾತ್ರಿ ತಾನಾಗೇ ಓಡಬೇಕಾದ್ದು ಯಾವುದು, ರಿಲೀಸಿಗೆ ಒಮ್ಮೆ ಓಡಿಸಿದರೆ ಸಾಕಾಗುವುದು ಯಾವುದು?" ಅಂತ ಕೇಳುತ್ತಾರೆ. ಲ್ಯಾಬಿನಲ್ಲಿ ಗಂಟೆಗಳು ಕಮ್ಮಿ, ಟೆಸ್ಟ್‌ಗಳು ಜಾಸ್ತಿ. ಯಾವುದನ್ನು ಬಿಡಬೇಕು ಅಂತ ಕಾರಣ ಕೊಟ್ಟು ಹೇಳಬಲ್ಲವರೇ ಒಳ್ಳೆಯ ಟೆಸ್ಟ್ ಎಂಜಿನಿಯರ್.

ಡೆವಲಪರ್ ಇಂಟರ್‌ವ್ಯೂನಲ್ಲಿ ಕಥೆ ಬಾಕ್ಸಿನ ಒಳಗೆ ಇಳಿಯುತ್ತದೆ. ಹೊರಗಿನ ಇಂಟರ್‌ಫೇಸಿನ ಎಂಟಿಯು ಬದಲಾದರೆ ಟನಲ್‌ಗೆ ಯಾರು ತಿಳಿಸಬೇಕು? ಪ್ಯಾಕೆಟ್ ಮುಂದಕ್ಕೆ ಕಳಿಸುವ ಕೆಲಸ ಚಿಪ್ಪಿನದು, ಆದರೆ "ಚಿಕ್ಕದು ಕಳಿಸು" ಅನ್ನುವ ಐಸಿಎಂಪಿ ಸಂದೇಶ ತಯಾರಾಗುವುದು ಸಾಮಾನ್ಯವಾಗಿ ಸಿಪಿಯುನಲ್ಲಿ. ಸೆಕೆಂಡಿಗೆ ಲಕ್ಷ ದೊಡ್ಡ ಪ್ಯಾಕೆಟ್ ಬಂದರೆ ಅಷ್ಟನ್ನೂ ಸಿಪಿಯುಗೆ ಕಳಿಸಬಹುದಾ? ಕಳಿಸಿದರೆ ಬಿಜಿಪಿಯ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೊಟೊಕಾಲ್) ಕೀಪ್‌ಅಲೈವ್‌ಗಳು, ಅಂದರೆ "ನಾನಿದ್ದೇನೆ" ಅನ್ನುವ ಸಂದೇಶಗಳು, ಆ ನೂಕುನುಗ್ಗಲಿನಲ್ಲಿ ಕಳೆದುಹೋಗಿ ನೆರೆಯ ರೂಟರ್ ಜೊತೆ ಸಂಬಂಧವೇ ಕಡಿದುಹೋಗಬಹುದು. ಹಾಗಾದರೆ ಮಿತಿ ಎಲ್ಲಿ ಹಾಕುತ್ತೀರಿ? "ಸರಿ, ಸೆಕೆಂಡಿಗೆ ಇಷ್ಟೇ ಅಂತ ಮಿತಿ ಹಾಕುವ ಟೋಕನ್ ಬಕೆಟ್ಟನ್ನು ಸಿ ಭಾಷೆಯಲ್ಲಿ ಬರೆಯಿರಿ." ಅಲ್ಲಿಂದ ಕೋಡಿಂಗ್ ಶುರು.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮೂರರಲ್ಲಿ ಯಾವುದನ್ನು ಓದುವಾಗ "ಮುಂದೇನು?" ಅನ್ನಿಸಿತು? ಆಫರ್ ಲೆಟರಿನ ಅಂಕಿಗಿಂತ ಈ ಉತ್ತರ ಹೆಚ್ಚು ನಂಬಿಕೆಗೆ ಯೋಗ್ಯ.

ಟ್ಯಾಕ್: ಬೇಗ ಅಗಲವಾಗಿ ಬೆಳೆಯುವ ಜಾಗ

ಟೆಕ್ನಿಕಲ್ ಅಸಿಸ್ಟೆನ್ಸ್ ಸೆಂಟರ್ ಅಂದರೆ ಬಹಳ ಜನ ಕಾಲ್ ಸೆಂಟರ್ ಅಂದುಕೊಳ್ಳುತ್ತಾರೆ. ಇದು ಶುದ್ಧ ತಪ್ಪು. ಒಬ್ಬ ಡೆವಲಪರ್ ವರ್ಷಗಟ್ಟಲೆ ಒಂದೇ ಪ್ರೊಟೊಕಾಲಿನ ಒಂದು ಮೂಲೆಯಲ್ಲಿ ಕೂತಿರುತ್ತಾನೆ. ಟ್ಯಾಕ್ ಎಂಜಿನಿಯರ್ ಒಂದೇ ವಾರದಲ್ಲಿ ಬ್ಯಾಂಕಿನ ನೆಟ್‌ವರ್ಕು, ಆಸ್ಪತ್ರೆಯ ನೆಟ್‌ವರ್ಕು, ಟೆಲಿಕಾಂ ಕಂಪನಿಯ ನೆಟ್‌ವರ್ಕು ಎಲ್ಲ ನೋಡುತ್ತಾನೆ. ಒಎಸ್‌ಪಿಎಫ್ ಅನ್ನುವ ರೂಟಿಂಗ್ ಪ್ರೊಟೊಕಾಲಿನಲ್ಲಿ ನೆರೆಯ ರೂಟರ್‌ಗಳು ಮಾಹಿತಿ ವಿನಿಮಯ ಶುರುವಾಗುವ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ಸಿಕ್ಕಿಕೊಂಡಿವೆ ಅಂದ ತಕ್ಷಣ "ಎರಡೂ ಕಡೆ ಎಂಟಿಯು ನೋಡಿ" ಅಂತ ಬಾಯಿಗೆ ಬರುವುದು ಇಲ್ಲಿ ಪಳಗಿದವರಿಗೆ.

ಬೆಲೆ ತೆರಬೇಕಾದ್ದು ಗಂಟೆಗಳಲ್ಲಿ. ಕೇಸುಗಳು ಸೂರ್ಯನ ಜೊತೆ ದೇಶದಿಂದ ದೇಶಕ್ಕೆ ಹೋಗುತ್ತವೆ, ಅದಕ್ಕಾಗಿ ಹಗಲು ಶಿಫ್ಟಿನ ಟೀಮುಗಳೂ ಇವೆ. ಆದರೆ ಅಮೆರಿಕದ ಕಸ್ಟಮರ್‌ಗಳ ಕ್ಯೂ ಸಿಕ್ಕಿದರೆ ರಾತ್ರಿ ಪಾಳಿ ಖಂಡಿತ. ಯಾವ ಕ್ಯೂ, ಯಾವ ಶಿಫ್ಟು, ವಾರಾಂತ್ಯ ಎಷ್ಟು ಸಲ ಅನ್ನುವುದನ್ನು ಆಫರ್ ಒಪ್ಪುವ ಮುಂಚೆಯೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ಭಯಕ್ಕೆ ಟ್ಯಾಕ್ ಬಿಟ್ಟುಬಿಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಕಾದ್ದು ಉಚ್ಚಾರದ ಸೊಗಸಲ್ಲ. ನಿಧಾನವಾಗಿ, ಒಂದು ವಾಕ್ಯಕ್ಕೆ ಒಂದು ವಿಷಯ ಹೇಳುವುದು, ಮುಂದಿನ ಶಿಫ್ಟಿನವರು ಓದಿದ ಕೂಡಲೇ ಅರ್ಥವಾಗುವ ಹಾಗೆ ಕೇಸ್ ನೋಟ್ ಬರೆಯುವುದು, ಇಷ್ಟು ಬೇಕು. ಇದು ಅಭ್ಯಾಸದಿಂದ ಬರುತ್ತದೆ. ದಿನಾ ಒಂದು ತೊಂದರೆ ಎತ್ತಿಕೊಂಡು ಐದು ಸಾಲಿನಲ್ಲಿ ಬರೆಯಿರಿ: ಏನಾಗಿದೆ, ಏನು ನೋಡಿದೆವು, ಏನು ಸಿಕ್ಕಿತು, ಮುಂದೆ ಏನು, ಯಾರು ಮಾಡಬೇಕು.

ಇಲ್ಲಿಂದ ನೆಟ್‌ವರ್ಕ್ ಆರ್ಕಿಟೆಕ್ಟ್, ಪ್ರಿಸೇಲ್ಸ್, ಕ್ಲೌಡ್ ಕಂಪನಿಗಳ ಆಪರೇಷನ್ಸ್ ಕಡೆಗೆ ಒಳ್ಳೆಯ ದಾರಿ ಇದೆ. ಪ್ರಾಡಕ್ಟ್ ಡೆವಲಪ್‌ಮೆಂಟ್ ಕಡೆಗೆ ದಾರಿ ಕಿರಿದು. ಮುಂದೆ ಕೋಡ್ ಬರೆಯಲೇಬೇಕು ಅನ್ನುವ ಹಟ ಇದ್ದರೆ ಟ್ಯಾಕ್‌ನಲ್ಲಿದ್ದಾಗಲೇ ಸಂಜೆ ಹೊತ್ತು ಸಿ, ಪೈಥಾನ್ ಕೈ ಬಿಡಬಾರದು.

ಟೆಸ್ಟ್: ಹೆಸರಿಗಿಂತ ದೊಡ್ಡ ಕೆಲಸ, ಆದರೆ ಟೀಮು ನೋಡಿ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಬಿದ್ದುಹೋಗಿದ್ದು ನೆನಪಿರಬೇಕು. ನಿರ್ವಹಣೆಗೆ ಅಂತ ಕೊಟ್ಟ ಒಂದು ಕಮಾಂಡು ಅವರ ಬ್ಯಾಕ್‌ಬೋನನ್ನೇ ಕತ್ತರಿಸಿಬಿಟ್ಟಿತು. ಡೇಟಾ ಸೆಂಟರ್ ಸಂಪರ್ಕ ಕಡಿದಾಗ ಡಿಎನ್‌ಎಸ್ ಸರ್ವರ್‌ಗಳು ತಮ್ಮ ಬಿಜಿಪಿ ದಾರಿಗಳನ್ನು ವಾಪಸ್ ತೆಗೆದುಕೊಂಡವು. ಹೊರಗಿನ ಪ್ರಪಂಚಕ್ಕೆ ಫೇಸ್‌ಬುಕ್ ಎಲ್ಲಿದೆ ಅಂತಲೇ ಗೊತ್ತಾಗದ ಸ್ಥಿತಿ. ಅಂಥ ಕಮಾಂಡನ್ನು ತಡೆಯಲೆಂದೇ ಒಂದು ಪರಿಶೀಲನೆಯ ಸಾಧನ ಇತ್ತು. ಅದರಲ್ಲೇ ಬಗ್ ಇದ್ದುದರಿಂದ ಅದು ತಡೆಯಲಿಲ್ಲ ಅಂತ ಕಂಪನಿಯೇ ಹೇಳಿತು. ಟೆಸ್ಟ್ ಕೆಲಸವನ್ನು ಕೀಳಾಗಿ ನೋಡುವವರಿಗೆ ನಾನು ಈ ಘಟನೆ ಹೇಳುತ್ತೇನೆ. ಕಾವಲು ಕಾಯುವ ಸಾಧನವನ್ನೂ ಯಾರಾದರೂ ಟೆಸ್ಟ್ ಮಾಡಲೇಬೇಕು.

ಆದರೆ ಟೆಸ್ಟ್ ಅನ್ನುವ ಹೆಸರಿನಲ್ಲಿ ಎರಡು ಥರದ ಟೀಮು ಇರುತ್ತವೆ. ಒಂದರಲ್ಲಿ ಯಾರೋ ಬರೆದ ಸ್ಕ್ರಿಪ್ಟು ಓಡಿಸಿ, ಫೇಲ್ ಆದದ್ದನ್ನು ಎಕ್ಸೆಲ್ ಶೀಟಿಗೆ ಹಾಕುವುದೇ ಕೆಲಸ. ಇನ್ನೊಂದರಲ್ಲಿ ಡಿಸೈನ್ ಡಾಕ್ಯುಮೆಂಟ್ ರಿವ್ಯೂನಲ್ಲೇ ನೀವು ಕೂತಿರುತ್ತೀರಿ. ಟೋಪಾಲಜಿ ನೀವೇ ಕಟ್ಟುತ್ತೀರಿ, ಇಕ್ಸಿಯಾ ಅಥವಾ ಸ್ಪೈರೆಂಟ್ ಬಾಕ್ಸಿನಿಂದ ಟ್ರಾಫಿಕ್ ಹರಿಸುತ್ತೀರಿ, ಪೈಥಾನ್‌ನಲ್ಲಿ ಫ್ರೇಮ್‌ವರ್ಕೇ ಬರೆಯುತ್ತೀರಿ. ಮೊದಲನೆಯದರಲ್ಲಿ ಐದು ವರ್ಷ ಕಳೆದರೂ ರೆಸ್ಯೂಮೆಯಲ್ಲಿ ಬರೆಯಲು ಹೆಚ್ಚೇನೂ ಸಿಗಲ್ಲ. ಎರಡನೆಯದರಿಂದ ಡೆವಲಪ್‌ಮೆಂಟ್‌ಗೆ ಹೋಗುವುದು ಟ್ಯಾಕ್‌ನಿಂದ ಹೋಗುವುದಕ್ಕಿಂತ ಸುಲಭ. ಯಾಕಂದರೆ ದಿನಾ ಡೆವಲಪರ್‌ಗಳ ಜೊತೆಯೇ ಕೂತು ಅವರ ಕೋಡಿನ ಬಗ್ಗೆ ವಾದ ಮಾಡುತ್ತಿರುತ್ತೀರಿ.

ಯಾವ ಥರದ್ದು ಅಂತ ತಿಳಿಯಲು ಇಂಟರ್‌ವ್ಯೂ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿ. "ಹೋದ ರಿಲೀಸಿನಲ್ಲಿ ನಿಮ್ಮ ಟೀಮು ಹಿಡಿದ ಬಗ್‌ಗಳಲ್ಲಿ ನಿಮಗೆ ಹೆಮ್ಮೆ ಅನ್ನಿಸಿದ್ದು ಯಾವುದು?" ಕಣ್ಣರಳಿಸಿ ಕಥೆ ಹೇಳಿದರೆ ಒಳ್ಳೆಯ ಟೀಮು. "ಫೀಚರಿನ ಡಿಸೈನ್ ರಿವ್ಯೂಗೆ ಟೆಸ್ಟ್‌ನವರನ್ನು ಕರೆಯುತ್ತಾರಾ?" ಇದಕ್ಕೆ ತಡವರಿಸಿದರೆ ಯೋಚನೆ ಮಾಡಿ.

ಡೆವಲಪ್‌ಮೆಂಟ್: ಆಳ ಜಾಸ್ತಿ, ವೇಗ ಕಮ್ಮಿ

ಇಲ್ಲಿ ಇಂಟರ್‌ವ್ಯೂ ಕಠಿಣ. ಸಿ ಭಾಷೆಯ ಪಾಯಿಂಟರ್, ಬಿಟ್ ಕೆಲಸ, ಎಂಡಿಯನ್‌ನೆಸ್, ಮ್ಯೂಟೆಕ್ಸ್ ಮತ್ತು ಸೆಮಫೋರ್, ಮೆಮೊರಿ ಎಲ್ಲಿ ಸೋರುತ್ತದೆ ಅನ್ನುವುದು ಎಲ್ಲ ಕಡೆ ಬರುತ್ತದೆ. ಅದರ ಜೊತೆ ನೆಟ್‌ವರ್ಕಿಂಗ್‌ಗೇ ಸೇರಿದ ಕೆಲವು ಹಳೆಯ ಪ್ರಶ್ನೆಗಳಿವೆ. ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್, ಅಂದರೆ ಹೊಂದುವ ದಾರಿಗಳಲ್ಲಿ ಅತಿ ನಿಖರವಾದದ್ದನ್ನು ಆರಿಸುವುದು, ಅದರಲ್ಲಿ ಮೊದಲನೆಯದು. ಟೇಬಲ್‌ನಲ್ಲಿ 10.1.0.0/16 ಇದೆ, 10.1.2.0/24 ಕೂಡ ಇದೆ. 10.1.2.9ಕ್ಕೆ ಪ್ಯಾಕೆಟ್ ಬಂದರೆ ಎರಡನೆಯದೇ ಗೆಲ್ಲಬೇಕು. ಹ್ಯಾಷ್ ಟೇಬಲ್ ಹಾಕುತ್ತೇನೆ ಅಂದರೆ, ಯಾವ ಉದ್ದಕ್ಕೆ ಹ್ಯಾಷ್ ಮಾಡುತ್ತೀರಿ ಅಂತ ಮರುಪ್ರಶ್ನೆ ಬರುತ್ತದೆ. ಟ್ರೈ (ಮರದ ಆಕಾರದ ಡೇಟಾ ರಚನೆ) ಹಾಕುತ್ತೇನೆ ಅಂದರೆ, ಇಂಟರ್‌ನೆಟ್ಟಿನ ಐಪಿವಿ4 ಟೇಬಲ್‌ನಲ್ಲಿ ಸುಮಾರು 10 ಲಕ್ಷ ದಾರಿಗಳಿವೆ, ಒಂದೊಂದು ಬಿಟ್‌ಗೆ ಒಂದೊಂದು ನೋಡ್ ಇಟ್ಟರೆ ಮೆಮೊರಿ ಎಷ್ಟು, ಹುಡುಕಲು ಎಷ್ಟು ಹೊತ್ತು ಅಂತ ಕೇಳುತ್ತಾರೆ. ಕೋಡ್ ಬರೆದು ಸುಮ್ಮನಾದರೆ ಸಾಲದು, ಈ ಲೆಕ್ಕ ಮಾತಾಡಬೇಕು. ದಾರಿ ಹುಡುಕಲು ಬಳಸುವ ವಿಶೇಷ ಮೆಮೊರಿ ಟಿಕ್ಯಾಮ್ ಯಾಕೆ ದುಬಾರಿ ಅನ್ನುವುದು ಗೊತ್ತಿದ್ದರೆ ಇನ್ನೂ ಚೆನ್ನ.

ಡೆವಲಪ್‌ಮೆಂಟ್ ಒಳಗೂ ಎರಡು ಊರುಗಳಿವೆ. ಬಿಜಿಪಿ, ಒಎಸ್‌ಪಿಎಫ್, ಐಎಸ್‌-ಐಎಸ್ ಬರೆಯುವ ಕಂಟ್ರೋಲ್ ಪ್ಲೇನ್ ಒಂದು ಕಡೆ. ಇಲ್ಲಿ ಆರ್‌ಎಫ್‌ಸಿ (ಪ್ರೊಟೊಕಾಲ್ ನಿಯಮಗಳ ದಾಖಲೆ) ಓದುವ ತಾಳ್ಮೆ ಬೇಕು. ಚಿಪ್ಪಿಗೆ ಟೇಬಲ್ ತುಂಬಿಸುವ ಪ್ಲಾಟ್‌ಫಾರ್ಮ್ ಅಥವಾ ಡೇಟಾ ಪ್ಲೇನ್ ಇನ್ನೊಂದು ಕಡೆ. ಅಲ್ಲಿ ರಿಜಿಸ್ಟರ್, ಡಿಎಂಎ, ಬ್ರಾಡ್‌ಕಾಮ್‌ನಂಥ ಕಂಪನಿಗಳ ಎಸ್‌ಡಿಕೆ ಜೊತೆ ಬದುಕು. ಎಐ ಡೇಟಾ ಸೆಂಟರ್‌ಗಳ ಓಟದಿಂದ ಈಗ ಎರಡನೆಯ ಊರಿಗೆ ಬೇಡಿಕೆ ಜಾಸ್ತಿ. 2022ರಲ್ಲಿ ಬ್ರಾಡ್‌ಕಾಮ್ ಪ್ರಕಟಿಸಿದ ಟೊಮಾಹಾಕ್ 5 ಒಂದೇ ಚಿಪ್ಪು ಸೆಕೆಂಡಿಗೆ 51.2 ಟೆರಾಬಿಟ್ ಹೊರುತ್ತದೆ. ಇಂಥದ್ದನ್ನು ತುಂಬಿ ತುಳುಕದಂತೆ ನಡೆಸುವ ಸಾಫ್ಟ್‌ವೇರ್ ಬರೆಯುವವರು ಎಲ್ಲ ಕಡೆ ಬೇಕು.

ಇನ್ನೊಂದು ಮಾತು, ಇದನ್ನು ಯಾರೂ ತಾವಾಗಿ ಹೇಳಲ್ಲ. ಟೀಮು ಹೊಸ ಫೀಚರ್ ಬರೆಯುತ್ತದಾ, ಅಥವಾ ಹಳೆಯ ರಿಲೀಸುಗಳ ಬಗ್ ಸರಿಮಾಡುವ ಸಸ್ಟೇನಿಂಗ್ ಟೀಮಾ? ಸಸ್ಟೇನಿಂಗ್ ಕೆಟ್ಟದ್ದಲ್ಲ. ಬೇರೆಯವರ ಕೋಡ್ ಓದಿ, ಕೋರ್ ಫೈಲು (ಪ್ರೋಗ್ರಾಂ ಬಿದ್ದಾಗ ಉಳಿಯುವ ಮೆಮೊರಿ ನಕಲು) ಬಿಚ್ಚಿ ಕಾರಣ ಹಿಡಿಯುವುದನ್ನು ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸಲ್ಲ. ಎರಡು ವರ್ಷ ಮಾಡಿದರೆ ಚಿನ್ನ. ಅಲ್ಲೇ ಉಳಿದರೆ ಬಡ್ತಿ ಹೊತ್ತಿನಲ್ಲಿ "ನೀವು ಏನು ಕಟ್ಟಿದಿರಿ?" ಅನ್ನುವ ಪ್ರಶ್ನೆಗೆ ಉತ್ತರ ಇರಲ್ಲ.

ಗಂಟೆಗಳ ಲೆಕ್ಕದಲ್ಲಿ ಡೆವಲಪ್‌ಮೆಂಟ್ ಮೇಲು, ಆದರೆ ಪೂರ್ತಿ ಬಿಡುವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 9 ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ 9.30, ಚಳಿಗಾಲದಲ್ಲಿ 10.30. ವಾರಕ್ಕೆ ಎಷ್ಟು ರಾತ್ರಿ ಮೀಟಿಂಗು ಅಂತ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಮೊದಲೇ ಕೇಳಿಕೊಳ್ಳಿ.

ಚಿಪ್ ಡಿಸೈನ್, ವೆರಿಫಿಕೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇರೆಯದೇ ಪ್ರಪಂಚ. ಇಸಿ ಓದಿದವರು, ಸಿಸ್ಟಮ್‌ವೆರಿಲಾಗ್ ಮತ್ತು ಯುವಿಎಂ ಇಷ್ಟಪಡುವವರು ಧೈರ್ಯವಾಗಿ ಹೋಗಿ. ಸಿಎಸ್ ಓದಿದವರು ಬರೀ ಬೇಡಿಕೆ ಇದೆ ಅಂತ ಹೋಗಬೇಡಿ.

ಕಂಪನಿ ಯಾವ ಥರದ್ದು

ಕೆಲಸ ಗಟ್ಟಿಯಾದ ಮೇಲೆ ಕಂಪನಿ ನೋಡಿ. ಸಿಸ್ಕೋದಂಥ ದೈತ್ಯದಲ್ಲಿ ಒಳಗೇ ಕೆಲಸ ಬದಲಾಯಿಸಲು ಅವಕಾಶ ಹೆಚ್ಚು. ಟ್ಯಾಕ್, ಟೆಸ್ಟ್, ಚಿಪ್ಪು, ಸೆಕ್ಯುರಿಟಿ ಎಲ್ಲವೂ ಒಂದೇ ಸೂರಿನಡಿ ಇವೆ. ಆದರೆ ದೊಡ್ಡದು ಅಂದ ಮಾತ್ರಕ್ಕೆ ಗಟ್ಟಿ ಅಂತಲ್ಲ. 2024ರಲ್ಲಿ ಅದೇ ಸಿಸ್ಕೋ ಫೆಬ್ರುವರಿಯಲ್ಲಿ ಸುಮಾರು ಶೇ. 5, ಆಗಸ್ಟ್‌ನಲ್ಲಿ ಸುಮಾರು ಶೇ. 7 ಉದ್ಯೋಗ ಕಡಿತ ಪ್ರಕಟಿಸಿತು. ಜೂನಿಪರ್ 1996ರಿಂದ ಸ್ವತಂತ್ರವಾಗಿದ್ದು, 2025ರ ಜುಲೈನಲ್ಲಿ ಸುಮಾರು 1,400 ಕೋಟಿ ಡಾಲರಿಗೆ ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಪಾಲಾಯಿತು. ಎಚ್‌ಪಿಇ ಬಳಿ 2015ರಿಂದಲೇ ಅರೂಬಾ ಇದೆ. ಎರಡರಲ್ಲೂ ಒಂದೇ ಥರದ ಪ್ರಾಡಕ್ಟ್ ಇರುವ ಟೀಮಿಗೆ ಸೇರುವವರು "ಮುಂದೆ ಉಳಿಯುವುದು ಯಾವ ಪ್ರಾಡಕ್ಟು?" ಅಂತ ನೇರವಾಗಿ ಕೇಳಬೇಕು. ವೈರ್‌ಲೆಸ್, ಕ್ಯಾಂಪಸ್ ಸ್ವಿಚ್ ಕಡೆ ಈ ಪ್ರಶ್ನೆ ಹೆಚ್ಚು ಮುಖ್ಯ.

ಅರಿಸ್ಟಾದಂಥ ಒಂದೇ ಗುರಿಯ ಕಂಪನಿ ಬೇರೆ ಥರ. 2004ರಲ್ಲಿ ಶುರುವಾದದ್ದು. ಲಿನಕ್ಸ್ ಮೇಲೆ ಕಟ್ಟಿದ ಇಒಎಸ್ ಅನ್ನುವ ಒಂದೇ ಸಾಫ್ಟ್‌ವೇರ್ ಅವರ ಎಲ್ಲ ಸ್ವಿಚ್‌ಗಳಲ್ಲಿ ಓಡುತ್ತದೆ. ಚಿಪ್ಪು ಬಹುತೇಕ ಹೊರಗಿನಿಂದ ಕೊಳ್ಳುತ್ತಾರೆ. ಇಂಥ ಕಡೆ ಒಬ್ಬರ ಕೈಗೆ ಹೆಚ್ಚು ಜವಾಬ್ದಾರಿ ಬರುತ್ತದೆ, ಬೇಗ ಬೆಳೆಯಬಹುದು. ಆದರೆ ಮೈಕ್ರೋಸಾಫ್ಟ್, ಮೆಟಾ ತರಹದ ಕೆಲವೇ ದೊಡ್ಡ ಗಿರಾಕಿಗಳ ಮೇಲೆ ಆದಾಯದ ದೊಡ್ಡ ಪಾಲು ನಿಂತಿದೆ. ಅವರ ಖರೀದಿ ಏರಿಳಿದರೆ ಷೇರೂ ಏರಿಳಿಯುತ್ತದೆ.

ದೇಶೀ ಕಂಪನಿಗಳನ್ನು ನಮ್ಮ ಹುಡುಗರು ಲೆಕ್ಕಕ್ಕೇ ತಗೊಳ್ಳಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ದೂರವಾಣಿನಗರದಲ್ಲಿ 1948ರಲ್ಲೇ ಟೆಲಿಫೋನ್ ಉಪಕರಣ ತಯಾರಿಸುವ ಸರ್ಕಾರಿ ಕಂಪನಿ ಐಟಿಐ ಶುರುವಾದ ಊರು ಇದು. ತೇಜಸ್ 2000ದಲ್ಲಿ ಇಲ್ಲೇ ಹುಟ್ಟಿತು. 2021ರಲ್ಲಿ ಟಾಟಾ ಗುಂಪು ಅದರಲ್ಲಿ ಹಿಡಿತ ಪಡೆಯಿತು. ಬಿಎಸ್‌ಎನ್‌ಎಲ್‌ನ ದೇಶೀ 4ಜಿಗೆ ರೇಡಿಯೋ ಉಪಕರಣ ಕೊಟ್ಟದ್ದು ಇದೇ ಕಂಪನಿ. ಇಲ್ಲಿನ ದೊಡ್ಡ ಲಾಭ: ಹಾರ್ಡ್‌ವೇರ್ ಬೋರ್ಡಿನಿಂದ ಹಿಡಿದು ಟವರಿನ ಬುಡದ ತನಕ ಇಡೀ ಪ್ರಾಡಕ್ಟನ್ನು ನೋಡಬಹುದು. ತೀರ್ಮಾನ ತೆಗೆದುಕೊಳ್ಳುವವರು ಹತ್ತು ಸಾವಿರ ಮೈಲಿ ದೂರ ಇರುವುದಿಲ್ಲ. ಡಾಲರ್ ಷೇರು ಸಿಗಲ್ಲ, ದೊಡ್ಡ ಆರ್ಡರ್ ಬಂದಾಗ ಮತ್ತು ಮುಗಿದಾಗ ಕಂಪನಿಯ ಸ್ಥಿತಿ ಏರುಪೇರಾಗುತ್ತದೆ, ಅದೂ ನಿಜ.

ಇನ್ನು ಸೇವಾ ಕಂಪನಿಯ ಪೇರೋಲ್‌ನಲ್ಲಿದ್ದು ದೊಡ್ಡ ಕಂಪನಿಯ ಲ್ಯಾಬಿನಲ್ಲಿ ಕೂರುವ ದಾರಿ. ಒಳಗೆ ಹೋಗಲು ಇದು ಸುಲಭ. ಕಾಲೇಜಿಗೆ ಪ್ರಾಡಕ್ಟ್ ಕಂಪನಿಗಳು ಬಾರದ ಊರುಗಳಿಂದ ಬಂದವರಿಗೆ ಎಷ್ಟೋ ಸಲ ಇದೊಂದೇ ಬಾಗಿಲು. ಬರುವುದಾದರೆ ಬನ್ನಿ, ಆದರೆ ಕಾಲಮಿತಿ ಇಟ್ಟುಕೊಂಡು ಬನ್ನಿ. ಎರಡು ವರ್ಷದೊಳಗೆ ಪರ್ಮನೆಂಟ್ ಮಾಡುತ್ತಾರಾ, ಹಿಂದೆ ಹಾಗೆ ಆದವರು ಟೀಮಿನಲ್ಲಿ ಇದ್ದಾರಾ ಅಂತ ವಿಚಾರಿಸಿ.

ದುಡ್ಡಿನ ವಿಷಯ

ಸಿಟಿಸಿ ನೋಡಿ ಹಿಗ್ಗಬೇಡಿ, ಬಿಡಿಸಿ ನೋಡಿ. ತಿಂಗಳು ತಿಂಗಳು ಕೈಗೆ ಬರುವುದು ಎಷ್ಟು? ಜಾಯಿನಿಂಗ್ ಬೋನಸ್ ಒಂದೇ ವರ್ಷದ್ದು, ಬೇಗ ಬಿಟ್ಟರೆ ವಾಪಸ್ ಕೊಡಬೇಕು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಆರ್‌ಎಸ್‌ಯು, ಅಂದರೆ ಕಂಪನಿ ಸಂಬಳದ ಜೊತೆ ಕೊಡುವ ಷೇರುಗಳು, ಹೆಚ್ಚಾಗಿ ಮೂರ್ನಾಲ್ಕು ವರ್ಷಕ್ಕೆ ಹರಡಿರುತ್ತವೆ. ಷೇರು ನಿಮ್ಮ ಹೆಸರಿಗೆ ಬಂದ ದಿನವೇ ಅದರ ಬೆಲೆ ಸಂಬಳದ ಹಾಗೆ ತೆರಿಗೆಗೆ ಸೇರುತ್ತದೆ, ನೀವು ಮಾರದಿದ್ದರೂ. ಅಮೆರಿಕದ ಷೇರು ಇದ್ದರೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಲೇಬೇಕು. ಮನೆಗೆ ನೀವೊಬ್ಬರೇ ದುಡಿಯುವವರು, ಊರಲ್ಲಿ ಸಾಲ ಇದೆ ಅಂದರೆ ಷೇರು ಜಾಸ್ತಿ ಇರುವ ಆಫರಿಗಿಂತ ಕೈಗೆ ಹೆಚ್ಚು ಬರುವ ಆಫರ್ ಒಳ್ಳೆಯದು. ಆ ಒತ್ತಡ ಇಲ್ಲದವರು ಷೇರಿನ ಕಡೆ ವಾಲಬಹುದು.

ತಯಾರಿಗೆ ಎಷ್ಟು ಖರ್ಚು

ಕಾಸಿಲ್ಲದಿದ್ದರೂ ತಯಾರಾಗಬಹುದು. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತ. ಅದು ದಾಟಿದ ಮೇಲೆ ಲಿನಕ್ಸ್ ಲ್ಯಾಪ್‌ಟಾಪ್ ಮೇಲೆ ಕಂಟೇನರ್‌ಲ್ಯಾಬ್ ಹಾಕಿ, ಎಫ್‌ಆರ್‌ಆರ್ ಮತ್ತು ನೋಕಿಯಾದ ಎಸ್‌ಆರ್ ಲಿನಕ್ಸ್ ಅನ್ನುವ ರೂಟರ್ ಸಾಫ್ಟ್‌ವೇರ್‌ಗಳನ್ನು ಓಡಿಸಿ. ಎರಡೂ ಉಚಿತ. ಎಫ್‌ಆರ್‌ಆರ್‌ನ ಪೂರ್ತಿ ಕೋಡು ತೆರೆದಿದೆ. ಡೆವಲಪರ್ ಆಗಬೇಕಾದವರು ಅದರ ಬಿಜಿಪಿ ಕೋಡು ಓದಿದರೆ ಯಾವ ಕೋಚಿಂಗೂ ಬೇಡ. ಮೇಲೆ ಹೇಳಿದ ಜಿಆರ್‌ಇ ತೊಂದರೆಯನ್ನು ನೀವೇ ಕಟ್ಟಿ, ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ, ಐಸಿಎಂಪಿ ಸಂದೇಶ ಕಣ್ಣಾರೆ ನೋಡಿ. ಎಸ್‌ಪಿ ರೋಡಿನಲ್ಲಿ ಹಳೆಯ ಸ್ವಿಚ್ಚು, ರೂಟರ್ ಸಿಗುತ್ತವೆ. ಕೇಬಲ್, ಕನ್ಸೋಲ್ ಪೋರ್ಟು, ಫ್ಯಾನಿನ ಸದ್ದು ಪರಿಚಯವಾಗಲಿ ಅಂದರೆ ಒಂದು ಕೊಳ್ಳಿ, ಇಲ್ಲದಿದ್ದರೂ ನಷ್ಟ ಇಲ್ಲ.

ಸಿಸ್ಕೋದ ಸಿಸಿಎನ್‌ಎ ಸರ್ಟಿಫಿಕೇಟು ಟ್ಯಾಕ್ ಮತ್ತು ಟೆಸ್ಟ್ ಕೆಲಸಕ್ಕೆ ರೆಸ್ಯೂಮೆಯನ್ನು ಮೇಲೆ ತರುತ್ತದೆ, ಮೂರು ವರ್ಷ ನಡೆಯುತ್ತದೆ. ಡೆವಲಪ್‌ಮೆಂಟ್‌ಗೆ ಅದರಿಂದ ಹೆಚ್ಚು ಲಾಭ ಇಲ್ಲ, ಆ ದುಡ್ಡು ಉಳಿಸಿ ಕೋಡಿಂಗ್ ಅಭ್ಯಾಸ ಮಾಡಿ. ಅದಕ್ಕಿಂತ ಬಹಳ ಮೇಲಿನ ಹಂತದ ಸಿಸಿಐಇ ಲ್ಯಾಬ್ ಪರೀಕ್ಷೆ ಎಂಟು ಗಂಟೆಯದು, ಖರ್ಚೂ ದೊಡ್ಡದು. ಕೆಲಸಕ್ಕೆ ಸೇರಿ, ಕಂಪನಿ ಖರ್ಚಿನಲ್ಲಿ ಬರೆಯುವ ಅವಕಾಶ ಇದ್ದರೆ ಮಾತ್ರ ಕೈ ಹಾಕಿ.

ಹಾಗಾದರೆ ಯಾರಿಗೆ ಯಾವುದು

ಸಿ ಚೆನ್ನಾಗಿ ಬರುತ್ತದೆ, ಆರು ತಿಂಗಳು ಕಾಯುವ ಶಕ್ತಿ ಇದೆ ಅಂದರೆ ಡೆವಲಪ್‌ಮೆಂಟ್‌ಗೇ ಪ್ರಯತ್ನ ಮಾಡಿ, ಸಣ್ಣ ಕಂಪನಿಯಾದರೂ ಸರಿ. ಈಗಲೇ ಸಂಬಳ ಬೇಕು, ಜನರ ಜೊತೆ ಮಾತಾಡುವುದು ಇಷ್ಟ ಅಂದರೆ ಟ್ಯಾಕ್. ಅಲ್ಲಿ ಎರಡು ವರ್ಷ ಕಳೆದವರು ಎಲ್ಲಿ ಹೋದರೂ ನಿಲ್ಲುತ್ತಾರೆ. ಡೆವಲಪ್‌ಮೆಂಟ್ ಇಂಟರ್‌ವ್ಯೂ ಒಂದೆರಡು ಕಡೆ ಕೂದಲೆಳೆಯಲ್ಲಿ ತಪ್ಪಿದವರಿಗೆ ಒಳ್ಳೆಯ ಟೆಸ್ಟ್ ಟೀಮು ಸರಿಯಾದ ಜಾಗ. ರಾತ್ರಿ ಶಿಫ್ಟು ಆಗದವರು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ಟ್ಯಾಕ್‌ನ ಹಗಲು ಕ್ಯೂ ಲಿಖಿತವಾಗಿ ಸಿಗದಿದ್ದರೆ ಟೆಸ್ಟ್ ಆರಿಸಿಕೊಳ್ಳಿ.

ಆ ಮೊದಲಿನ ಪ್ರಶ್ನೆಗೆ ನನ್ನ ಉತ್ತರ: ಸಂಬಳ ಒಂದೇ, ಕೋಡಿನ ಮೇಲೆ ಆಸೆ ಇದೆ ಅಂದರೆ ಸಣ್ಣ ಕಂಪನಿಯ ಡೆವಲಪರ್ ಕೆಲಸ. ಒಂದೇ ಷರತ್ತು, ಅಲ್ಲಿ ನಿಮಗೆ ಕಲಿಸುವ ಒಬ್ಬ ಹಿರಿಯ ಎಂಜಿನಿಯರ್ ಇರಬೇಕು. ಆಫರ್ ಒಪ್ಪುವ ಮುಂಚೆ ಅವರ ಜೊತೆ ಅರ್ಧ ಗಂಟೆ ಮಾತಾಡಬೇಕು ಅಂತ ಎಚ್‌ಆರ್‌ಗೆ ಹೇಳಿ. ಅವರನ್ನು ಹೋದ ತಿಂಗಳು ಏನು ಬರೆದಿರಿ, ಯಾರು ರಿವ್ಯೂ ಮಾಡಿದರು ಅಂತ ಕೇಳಿ. ಕೆಲಸದಲ್ಲಿರುವವರು ಇದನ್ನೆಲ್ಲ ರಾಜೀನಾಮೆ ಕೊಡುವ ಮುಂಚೆಯೇ ಮುಗಿಸಿಕೊಳ್ಳಿ. ನೋಟಿಸ್ ಪೀರಿಯಡ್ ಎರಡು ಮೂರು ತಿಂಗಳು ಇರುವ ಕಡೆ ಹೊಸ ಟೀಮೇ ಬದಲಾಗಿಬಿಡಬಹುದು. ಅದಕ್ಕೇ ಆಫರ್ ಲೆಟರಿನಲ್ಲಿ ಕಂಪನಿಯ ಹೆಸರಿನ ಜೊತೆ ನಿಮ್ಮ ಕೆಲಸದ ಹೆಸರು, ಸಾಧ್ಯವಾದರೆ ಟೀಮಿನ ಹೆಸರೂ ಬರೆಸಿಕೊಳ್ಳಿ.